ಎರಡು ವರ್ಷ ಪತ್ರಿಕೋದ್ಯಮ ಓದಿ ನನ್ನ ಬರವಣಿಗೆ ಬೆಳೆದಿದೆಯಾ, ಒಣಗಿದೆಯಾ?

ರಾಮನಗರದವಳು:

ಎಲ್ಲರಿಗೂ ನಮಸ್ಕಾರ. ಪತ್ರಿಕೋದ್ಯಮ ಎಂ.ಎ. ಕೊನೆಯ ಸೆಮಿಸ್ಟರಿನಲ್ಲಿದ್ದೇನೆ. ನಮಗೆ ಒಂದು ಇಂಟರ್ನಲ್ ಕೊಟ್ಟಿದ್ದಾರೆ. ಕೋರ್ಸ್ ಶುರುವಾದಾಗಿನಿಂದ ಬರೆದ ವರದಿ, ನುಡಿಚಿತ್ರ, ಸಂದರ್ಶನ ಎಲ್ಲ ಸೇರಿಸಿ ಒಂದು ಫೈಲ್ ಮಾಡಬೇಕು. ಅದರ ಮುಂದೆ 'ಬರಹಗಾರಳಾಗಿ ನನ್ನ ಬೆಳವಣಿಗೆ' ಅಂತ ನಾಲ್ಕೈದು ಪುಟ ಬರೆದು ಹಾಕಬೇಕು. ಫೈಲ್ ರೆಡಿ ಇದೆ. ಆ ನಾಲ್ಕೈದು ಪುಟ ಮಾತ್ರ ಮೊದಲ ಸಾಲಿನಲ್ಲೇ ನಿಂತುಬಿಟ್ಟಿದೆ.

ಯಾಕೆ ಅಂದರೆ, ಬೆಳೆದಿದ್ದೇನಾ ಅನ್ನೋದೇ ನನಗೆ ಗೊತ್ತಾಗುತ್ತಿಲ್ಲ. ಡಿಗ್ರಿಯಲ್ಲಿದ್ದಾಗ ಕಾಲೇಜು ಸಂಚಿಕೆಗೆ ನಾನೇ ಬರೆಯಬೇಕು, ಸ್ವಾಗತ ಭಾಷಣ ನಾನೇ ಬರೆದುಕೊಡಬೇಕು ಅನ್ನೋ ಹಾಗಿತ್ತು. ಕೂತರೆ ಒಂದೇ ಸಲಕ್ಕೆ ಮೂರು ಪುಟ. ಈಗ ಒಂದು ಪ್ಯಾರಾ ಬರೆಯೋಕೆ ಅರ್ಧ ದಿನ ಬೇಕು. ಬರೆದಿದ್ದನ್ನು ಮೂರು ಸಲ ಅಳಿಸುತ್ತೇನೆ. ಇದಕ್ಕೆ ಬೆಳವಣಿಗೆ ಅಂತಾರಾ?

ಉದಾಹರಣೆ ಕೊಡ್ತೀನಿ, ನೀವೇ ನೋಡಿ. ನಮ್ಮೂರಿನ ರೇಷ್ಮೆ ಗೂಡಿನ ಮಾರುಕಟ್ಟೆ ಬಗ್ಗೆ ಎರಡು ಸಲ ಬರೆದಿದ್ದೇನೆ. ಮೊದಲ ಸೆಮಿಸ್ಟರಿನಲ್ಲಿ ಬರೆದಿದ್ದು ಹೀಗೆ ಶುರುವಾಗುತ್ತದೆ:

"ರೇಷ್ಮೆ ನಗರಿ ಎಂದೇ ನಾಡಿನೆಲ್ಲೆಡೆ ಮನೆಮಾತಾಗಿರುವ ರಾಮನಗರದ ಮಣ್ಣಿನ ಕಣಕಣದಲ್ಲೂ ಅನ್ನದಾತನ ಬೆವರ ಹನಿಗಳು ಮುತ್ತಾಗಿ ಹೊಳೆಯುತ್ತವೆ. ಹೊಂಬಣ್ಣದ ಗೂಡುಗಳು ರೈತನ ಕನಸುಗಳನ್ನು ಹೊತ್ತು ಮಾರುಕಟ್ಟೆಗೆ ಬಂದಿಳಿಯುವ ದೃಶ್ಯ ಕಣ್ಣಿಗೆ ಹಬ್ಬವೇ ಸರಿ."

ಈ ಸೆಮಿಸ್ಟರಿನಲ್ಲಿ ಅದೇ ಮಾರುಕಟ್ಟೆ ಬಗ್ಗೆ ಬರೆದಿದ್ದು (ರೀಲರ್ ಅಂದರೆ ಗೂಡು ಕೊಂಡು ರೇಷ್ಮೆ ನೂಲು ತೆಗೆಯುವವರು):

"ರೀಲರ್ ಜಾಲರಿಗೆ ಕೈ ಹಾಕಿ ತಳದಿಂದ ಒಂದು ಹಿಡಿ ಗೂಡು ಮೇಲೆತ್ತಿದರು. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಹುಳ ಕಟಕಟ ಅಂದರೆ ಗೂಡು ಬಲಿತಿದೆ ಎಂದು ಲೆಕ್ಕ. ಏನೂ ಹೇಳದೆ ಪಕ್ಕದ ಜಾಲರಿಗೆ ಹೋದರು. ಗೂಡು ತಂದಿದ್ದ ರೈತ ಅವರ ಬೆನ್ನನ್ನೇ ನೋಡುತ್ತ ನಿಂತಿದ್ದರು."

ಕ್ಲಾಸಿನಲ್ಲಿ ಎರಡನೆಯದಕ್ಕೆ ಒಳ್ಳೆ ಮಾರ್ಕ್ಸ್ ಬಂತು. ಆದರೆ ನಿಜ ಹೇಳಬೇಕು ಅಂದರೆ, ಹಳೆಯದನ್ನು ಓದಿದರೆ ನನಗೆ ಖುಷಿಯಾಗುತ್ತದೆ. ಹೊಸದನ್ನು ಓದಿದರೆ ಸರಿಯಾಗಿದೆ ಅನ್ನಿಸುತ್ತದೆ, ಅಷ್ಟೇ. ನಮ್ಮದೂ ಹಿಪ್ಪುನೇರಳೆ ತೋಟ ಇದೆ, ಅಪ್ಪ ಹುಳ ಸಾಕುತ್ತಾರೆ. ಅವರಿಗೆ ಎರಡನ್ನೂ ಓದಿ ಹೇಳಿದೆ. ಮೊದಲನೆಯದು ಕೇಳಿ "ಚೆನ್ನಾಗಿ ಬರ್ದಿದ್ದೀಯ ಮಗಳೇ" ಅಂದರು. ಎರಡನೆಯದು ಕೇಳಿ "ಇದ್ರಲ್ಲಿ ಏನಿದೆ, ನಾವು ದಿನಾ ನೋಡೋದೇ ಅಲ್ವಾ" ಅಂದರು.

ಹಾಗಾಗಿ ಕೇಳುತ್ತಿದ್ದೇನೆ. ಇಂಥ ಕೋರ್ಸ್ ಮುಗಿಸಿದವರು, ಪಾಠ ಮಾಡುವವರು, ಪತ್ರಿಕೆಯಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ ಹೇಳಿ. ಬೆಳೆದೆವೋ ಇಲ್ಲವೋ ಅನ್ನೋದನ್ನು ನಾವೇ ಹೇಗೆ ನೋಡಿಕೊಳ್ಳೋದು? 'ಈ ಕೋರ್ಸ್ ನನ್ನ ಬರವಣಿಗೆಗೆ ಹೊಸ ಆಯಾಮ ನೀಡಿತು' ಅಂತ ಬರೆದು ಕೈ ತೊಳೆದುಕೊಳ್ಳಬಹುದು. ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಹಾಗೇ ಬರೆದಿದ್ದಾರೆ. ನನಗೆ ಅದು ಬೇಡ.

ರಾತ್ರಿಪಾಳಿ:

ಹುಬ್ಬಳ್ಳಿಯಲ್ಲಿ ಒಂದು ಪತ್ರಿಕೆಯ ಡೆಸ್ಕಿನಲ್ಲಿದ್ದೇನೆ. ಪುಟ ಬಿಟ್ಟು ಈಗ ಕೂತೆ, ಹಾಗಾಗಿ ಉದ್ದ ಆದರೆ ಬೇಜಾರು ಮಾಡ್ಕೋಬೇಡಿ ತಂಗಿ.

ಮೊದಲು ಸ್ಪೀಡಿನ ವಿಚಾರ. ಮೂರು ಪುಟ ಒಂದೇ ಸಲಕ್ಕೆ ಬರುತ್ತಿತ್ತು ಅಂದಿರಲ್ಲ, ಅದು ಹೇಗೆ ಬರುತ್ತಿತ್ತು ಅಂತ ನಿಮ್ಮ ಹಳೆಯ ಪ್ಯಾರಾ ನೋಡಿದರೇ ಗೊತ್ತಾಗುತ್ತದೆ. ಕಣಕಣದಲ್ಲೂ, ಬೆವರ ಹನಿ, ಕಣ್ಣಿಗೆ ಹಬ್ಬ, ಎಲ್ಲ ಮೊದಲೇ ಕಟ್ಟಿಟ್ಟ ಸಾಮಾನು. ಹೊಂದಿಸಿ ಇಡೋದಷ್ಟೇ ಕೆಲಸ. ರಾಮನಗರ ತೆಗೆದು ಮಂಡ್ಯ ಹಾಕಿ, ಗೂಡು ತೆಗೆದು ಕಬ್ಬು ಹಾಕಿ, ಪ್ಯಾರಾ ಹಾಗೇ ನಿಲ್ಲುತ್ತದೆ. ಎರಡನೆಯದರಲ್ಲಿ ಹಾಗೆ ಮಾಡೋಕಾಗಲ್ಲ. ಕಬ್ಬನ್ನು ಯಾರೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದಿಲ್ಲ.

ನಮ್ಮ ಡೆಸ್ಕಿಗೆ ಪ್ರತಿ ವರ್ಷ ಜುಲೈ 1ರ ಪತ್ರಿಕಾ ದಿನಾಚರಣೆಯ ವರದಿಗಳು ರಾಶಿ ರಾಶಿ ಬರುತ್ತವೆ. ಒಂದೊಂದು ತಾಲ್ಲೂಕಿನಿಂದ ಒಂದೊಂದು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಶುರು ಮಾಡಿದರು ಅನ್ನೋ ವಾಕ್ಯ ಎಲ್ಲದರಲ್ಲೂ ಇರುತ್ತದೆ. ಪತ್ರಿಕೆ ಸಮಾಜದ ಕನ್ನಡಿ, ಪತ್ರಕರ್ತ ಎರಡು ಅಲುಗಿನ ಖಡ್ಗ ಹಿಡಿದವನು, ಅದೂ ಇರುತ್ತದೆ. ಆಮೇಲೆ ವೇದಿಕೆಯಲ್ಲಿ ಉಪಸ್ಥಿತರಿದ್ದವರ ಪಟ್ಟಿ. ಅಲ್ಲಿ ಆ ದಿನ ಒಬ್ಬ ಹಿರಿಯ ಪತ್ರಕರ್ತ ಎದ್ದು ನಿಂತು 'ನನಗೆ ಇನ್ನೂ ಪಿಂಚಣಿ ಬಂದಿಲ್ಲ' ಅಂದಿದ್ದರೆ ಅದು ಕೊನೆಯ ಪ್ಯಾರಾದಲ್ಲಿ ಅರ್ಧ ಸಾಲು ಇರುತ್ತದೆ, ಅದೂ ಪುಣ್ಯ ಇದ್ದರೆ. ಜಾಹೀರಾತು ಬಂತು ಅಂದರೆ ನಾವು ಕತ್ತರಿ ಹಾಕೋದು ಕೆಳಗಿನಿಂದ. ಆ ಅರ್ಧ ಸಾಲೂ ಹೋಯ್ತು. ನಿಮಗೆ ಕ್ಲಾಸಿನಲ್ಲಿ ತಲೆಕೆಳಗಾದ ಪಿರಮಿಡ್ ಅಂತ ಹೇಳಿಕೊಟ್ಟಿರುತ್ತಾರಲ್ಲ, ಮುಖ್ಯವಾದದ್ದು ಮೇಲೆ, ಉಳಿದದ್ದು ಕೆಳಗೆ ಅಂತ, ಅದು ಇದಕ್ಕೇ. ಯಾವುದು ಮುಖ್ಯ ಅಂತ ಬರೆದವನೇ ತೀರ್ಮಾನ ಮಾಡಬೇಕು. ಅರ್ಧ ದಿನ ಹಿಡಿಯೋದು ಆ ತೀರ್ಮಾನಕ್ಕೆ, ಟೈಪ್ ಮಾಡೋಕಲ್ಲ.

ಇಷ್ಟು ಹೊಗಳಿದೆ. ಈಗ ಇನ್ನೊಂದು ಮಾತು. ನಿಮ್ಮ ಅಪ್ಪ ಹೇಳಿದ್ದನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ. 'ನಾವು ದಿನಾ ನೋಡೋದೇ ಅಲ್ವಾ' ಅಂದರಲ್ಲ, ಅದು ಡೆಸ್ಕಿನವರು ಕೇಳುವ ಪ್ರಶ್ನೆಯೇ. ಮಾರುಕಟ್ಟೆಗೆ ಗೂಡು ಹಾಕುವ ರೈತನಿಗೆ ಗೊತ್ತಿಲ್ಲದ ಒಂದೇ ಒಂದು ವಿಷಯ ಆ ಲೇಖನದಲ್ಲಿ ಇತ್ತಾ? ರೀಲರ್ ಏನೂ ಹೇಳದೆ ಹೋದರು ಅಂತ ಬರೆದಿದ್ದೀರಿ. ಚಿತ್ರ ಚೆನ್ನಾಗಿದೆ. ಆದರೆ ಅವರು ಯಾಕೆ ಹೋದರು? ಅವರ ತಲೆಯಲ್ಲಿ ಯಾವ ಲೆಕ್ಕ ಓಡುತ್ತಿತ್ತು? ಒಂದು ಕೆ.ಜಿ. ರೇಷ್ಮೆ ತೆಗೆಯೋಕೆ ಎಷ್ಟು ಕೆ.ಜಿ. ಗೂಡು ಬೇಕಾದೀತು ಅನ್ನೋ ಅಂದಾಜಿನ ಮೇಲೇ ಹರಾಜಿನಲ್ಲಿ ಅವರ ಬಿಡ್ ನಿಂತಿರುತ್ತದೆ. ಅದನ್ನು ಅವರನ್ನು ಕೇಳಿದಿರಾ? ಕೇಳಿದ್ದರೆ ಅದು ಎಲ್ಲಿ ಹೋಯ್ತು?

ತುಂಗಾತೀರ:

ಶಿವಮೊಗ್ಗ ಕಡೆ ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಈ ಥರದ 'ನನ್ನ ಬೆಳವಣಿಗೆ' ಅಸೈನ್‌ಮೆಂಟ್ ನಾನೂ ಕೊಡುತ್ತೇನೆ, ಓದುತ್ತೇನೆ, ನಿದ್ದೆಯೂ ಮಾಡುತ್ತೇನೆ.

ಓದುವವರ ಕಡೆಯಿಂದ ಹೇಳುತ್ತೇನೆ ಕೇಳಿ. ಒಂದು ಕಟ್ಟಿನಲ್ಲಿ ಅರವತ್ತು ಪತ್ರಿಕೆ ಇದ್ದರೆ ಅರವತ್ತರ ಕಥೆಯೂ ಒಂದೇ. ಮೊದಲು ನನಗೆ ಏನೂ ಬರುತ್ತಿರಲಿಲ್ಲ, ಹೆದರಿಕೆ ಇತ್ತು, ಗುರುಗಳು ಪ್ರೋತ್ಸಾಹಿಸಿದರು, ಈಗ ಆತ್ಮವಿಶ್ವಾಸ ಬಂದಿದೆ, ಮುಂದೆ ಸಮಾಜಕ್ಕೆ ಕೊಡುಗೆ ನೀಡುತ್ತೇನೆ. ಈಗಂತೂ ಚಾಟ್‌ಜಿಪಿಟಿ ಬಂದ ಮೇಲೆ ಆ ಕಥೆಗೆ ಕಾಗುಣಿತದ ತಪ್ಪೂ ಇಲ್ಲ, ಯಾರದು ಅಂತ ಹೇಳೋಕೆ ಇದ್ದ ಒಂದೇ ಗುರುತೂ ಹೋಯ್ತು. ಇದರಲ್ಲಿ ಹುಡುಗರದ್ದೇ ತಪ್ಪು ಅನ್ನಲಾರೆ. ಮಾರ್ಕ್ಸ್ ಕೊಡುವವರೇ 'ನೀನು ಬೆಳೆದೆಯಾ' ಅಂತ ಕೇಳಿದರೆ ಇಲ್ಲ ಅನ್ನೋಕೆ ಯಾರಿಗೆ ಧೈರ್ಯ ಇರುತ್ತೆ ಹೇಳಿ.

ನೀವು ಇಲ್ಲಿ ಹಾಕಿದ ಪ್ರಶ್ನೆ ಇದೆಯಲ್ಲ, ಎರಡು ಪ್ಯಾರಾ ಪಕ್ಕ ಪಕ್ಕ ಇಟ್ಟು, ಅಪ್ಪ ಹೇಳಿದ್ದನ್ನೂ ಹೇಳಿ, ನನಗೆ ಹಳೆಯದೇ ಇಷ್ಟ ಅಂತ ಬರೆದಿದ್ದು, ಅದನ್ನೇ ಒಂದಿಷ್ಟು ಹಿಗ್ಗಿಸಿ ಕೊಟ್ಟರೆ ನಾನಂತೂ ಎದ್ದು ಕೂತು ಓದುತ್ತೇನೆ. ನಿಮ್ಮ ಮೇಷ್ಟ್ರು ಹೇಗೋ ಗೊತ್ತಿಲ್ಲ.

ಒಂದು ಉಪಾಯ. ಮುಗಿದ ಲೇಖನಗಳನ್ನಷ್ಟೇ ನೋಡಬೇಡಿ. ನಡುವಿನ ಕರಡುಗಳು ಇದ್ದರೆ ಅವನ್ನು ತೆಗೆಯಿರಿ. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ಹಳೆಯ ಆವೃತ್ತಿಗಳು ಅಲ್ಲೇ ಸಿಗುತ್ತವೆ, ಯಾವ ಸಾಲು ಯಾವಾಗ ಹೋಯ್ತು ಅಂತ ಬಣ್ಣದಲ್ಲಿ ತೋರಿಸುತ್ತದೆ. ನಾನು ಒಂದು ಸಲ ಕ್ಲಾಸಿನಲ್ಲಿ ಒಬ್ಬ ಹುಡುಗನ ಒಪ್ಪಿಗೆ ಕೇಳಿ ಅವನ ಪ್ರಬಂಧದ ಆವೃತ್ತಿಗಳನ್ನು ಪರದೆ ಮೇಲೆ ಹಾಕಿದ್ದೆ. ಮೊದಲ ಪ್ಯಾರಾವನ್ನು ಅವನು ಹತ್ತಾರು ಸಲ ತಿದ್ದಿದ್ದ, ಕೊನೆಗೆ ಇಡೀ ಪ್ಯಾರಾ ಅಳಿಸಿ ಎರಡನೆಯದರಿಂದಲೇ ಶುರು ಮಾಡಿದ್ದ. ಯಾಕೋ ಅಂತ ಕೇಳಿದರೆ, 'ಅದು ನಾನು ಬಿಸಿ ಆಗೋಕೆ ಬರ್ಕೊಂಡಿದ್ದು ಸರ್, ಓದೋರಿಗಲ್ಲ' ಅಂದ. ಆ ಹುಡುಗ ತನ್ನ ಬೆಳವಣಿಗೆಯ ಬಗ್ಗೆ ಕೊಟ್ಟ ನಾಲ್ಕು ಪುಟದಲ್ಲಿ ಈ ಮಾತು ಇರಲೇ ಇಲ್ಲ. ಆತ್ಮವಿಶ್ವಾಸ ಹೆಚ್ಚಿತು ಅಂತ ಬರೆದಿದ್ದ!

ಇನ್ನು, ಬೆಳವಣಿಗೆ ಆಗುವಾಗ ಖುಷಿಯೇ ಆಗಬೇಕು ಅಂತೇನಿಲ್ಲ. ಕುವೆಂಪು ಮೈಸೂರಿನಲ್ಲಿ ಓದುತ್ತಿದ್ದಾಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ತೋರಿಸಿದಾಗ ಅವರು ನಿಮ್ಮ ಭಾಷೆಯಲ್ಲೇ ಬರೆಯಿರಿ ಅಂದರು. ಮೆಚ್ಚುಗೆ ಸಿಗುತ್ತದೆ ಅಂತ ಹೋದ ಹುಡುಗನಿಗೆ ಆ ಮಾತು ಆಗ ಹಿಡಿಸಲಿಲ್ಲ. ಕನ್ನಡಕ್ಕೆ ಹೊರಳಿದ್ದು ಆಮೇಲೆ. ಆವತ್ತು ಸಂಜೆಯೇ ಅವರನ್ನು ಕೂರಿಸಿ 'ನಿಮ್ಮ ಬೆಳವಣಿಗೆ ಬಗ್ಗೆ ಬರೆಯಿರಿ' ಅಂದಿದ್ದರೆ ಏನು ಬರೆಯುತ್ತಿದ್ದರೋ!

ದೂರದೂರು:

ದಾವಣಗೆರೆಯವನು, ಈಗ ಅಮೆರಿಕದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಖರ್ಚಿಗೆ ಮೊದಲ ವರ್ಷದ ಹುಡುಗರಿಗೆ ಬರವಣಿಗೆಯ ಕ್ಲಾಸ್ ತೆಗೆದುಕೊಳ್ಳುತ್ತೇನೆ. ಇಲ್ಲಿ ಇಂಜಿನಿಯರಿಂಗ್ ಓದುವವನಿರಲಿ, ಸಂಗೀತ ಓದುವವನಿರಲಿ, ಬಹುಪಾಲು ಕಾಲೇಜುಗಳಲ್ಲಿ ಮೊದಲ ವರ್ಷ ಈ ಕ್ಲಾಸ್ ಕಡ್ಡಾಯ. ನಿಮಗೆ ಕೊಟ್ಟಿರುವ ಅಸೈನ್‌ಮೆಂಟ್ ಇಲ್ಲಿ ಮಾಮೂಲು. ಕೋರ್ಸಿನ ಕೊನೆಗೆ ಪೋರ್ಟ್‌ಫೋಲಿಯೋ, ಅದರ ಮೇಲೆ ಒಂದು ಪತ್ರ, 'ನಾನು ಹೇಗೆ ಬದಲಾದೆ' ಅಂತ.

ಪೋರ್ಟ್‌ಫೋಲಿಯೋ ಅನ್ನೋದು ಜೋರಾಗಿ ಹಬ್ಬಿದ್ದು 1980ರ ದಶಕದಲ್ಲಿ. ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಎಲ್ಬೋ, ಪ್ಯಾಟ್ ಬೆಲನಾಫ್ ಅನ್ನುವ ಇಬ್ಬರು ಮೇಷ್ಟ್ರುಗಳು ಬರವಣಿಗೆಯ ಪರೀಕ್ಷೆ ತೆಗೆದು ಅದರ ಜಾಗದಲ್ಲಿ ಇದನ್ನು ತಂದರು. ಗಡಿಯಾರ ಇಟ್ಟುಕೊಂಡು ಒಂದು ಪ್ರಬಂಧ ಬರೆಸಿ ಇವನಿಗೆ ಬರೆಯೋಕೆ ಬರುತ್ತೆ, ಇವಳಿಗೆ ಬರಲ್ಲ ಅನ್ನೋದು ಸರಿಯಲ್ಲ, ಬೇರೆ ಬೇರೆ ಥರ ಬರೆದು ತಿದ್ದಿದ್ದನ್ನು ನೋಡಬೇಕು ಅನ್ನೋದು ಅವರ ವಾದ. ಒಳ್ಳೆಯ ಯೋಚನೆಯೇ. ಆದರೆ ಅದರ ಮೇಲಿನ ಪತ್ರ ಮಾತ್ರ, ತುಂಗಾತೀರ ಸರ್ ಹೇಳಿದ ಹಾಗೆ, ಇಲ್ಲೂ ಭಜನೆಯೇ. ಭಾಷೆ ಇಂಗ್ಲಿಷು, ಆತ್ಮವಿಶ್ವಾಸ ಅದೇ.

ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವ ಒಂದು ಅಧ್ಯಯನ ಇದೆ. ನ್ಯಾನ್ಸಿ ಸಾಮರ್ಸ್ ಅಂತ, 1980ರಲ್ಲಿ ಪ್ರಕಟಿಸಿದ್ದು. 20 ಜನ ಮೊದಲ ವರ್ಷದ ವಿದ್ಯಾರ್ಥಿಗಳು, 20 ಜನ ಪಳಗಿದ ಬರಹಗಾರರು, ಅವರಲ್ಲಿ ಪತ್ರಕರ್ತರು, ಸಂಪಾದಕರೂ ಇದ್ದರು. ಎಲ್ಲರಿಂದಲೂ ಮೂರು ಪ್ರಬಂಧ ಬರೆಸಿ, ಒಂದೊಂದನ್ನೂ ಎರಡು ಸಲ ತಿದ್ದಿಸಿ, ತಿದ್ದುವಾಗ ಯಾರು ಏನು ಮಾಡುತ್ತಾರೆ ಅಂತ ನೋಡಿದರು. ವಿದ್ಯಾರ್ಥಿಗಳು ತಿದ್ದಿದ್ದು ಹೆಚ್ಚಾಗಿ ಪದಗಳನ್ನು. ಈ ಪದ ಚೆನ್ನಾಗಿಲ್ಲ, ಇದು ಎರಡು ಸಲ ಬಂತು, ಬೇರೆ ಹಾಕೋಣ. ಪಳಗಿದವರು ನೋಡುತ್ತಿದ್ದದ್ದು ನಾನು ಹೇಳಹೊರಟಿದ್ದು ಏನು, ಇದಕ್ಕೆ ಒಂದು ರೂಪ ಬಂದಿದೆಯಾ, ಓದುವವನಿಗೆ ಇದು ಹೇಗೆ ಕಾಣುತ್ತದೆ ಅಂತ. ಅದಕ್ಕಾಗಿ ಇಡೀ ಭಾಗಗಳನ್ನೇ ಕಿತ್ತು ಹಾಕುತ್ತಿದ್ದರು, ಹೊಸದು ಸೇರಿಸುತ್ತಿದ್ದರು.

ನೀವು ಮೂರು ಸಲ ಅಳಿಸುತ್ತೇನೆ ಅಂದಿರಿ. ಏನನ್ನು ಅಳಿಸುತ್ತೀರಿ? 'ಮನೆಮಾತಾಗಿರುವ' ಹೋಗಿ 'ಹೆಸರಾಗಿರುವ' ಬಂದರೆ ಒಂದು. ಅಪ್ಪನ ಮಾತು ಕೇಳಿ ಬಂದು ಲೇಖನ ಎಲ್ಲಿಂದ ಶುರುವಾಗಬೇಕು ಅಂತಲೇ ಬದಲಾಯಿಸಿದರೆ ಅದು ಬೇರೆ. ನಿಮ್ಮ ನಾಲ್ಕೈದು ಪುಟ ಈ ಪ್ರಶ್ನೆಗೆ ಉತ್ತರ ಆದರೂ ಸಾಕು.

ಇದೇ ಸಾಮರ್ಸ್ ಆಮೇಲೆ ಹಾರ್ವರ್ಡ್‌ನಲ್ಲಿ 2001ರ ಬ್ಯಾಚಿನ 400ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕಾಲೇಜು ಮುಗಿಯುವವರೆಗೂ ಬೆನ್ನು ಹತ್ತಿ ನೋಡಿದರು. ಹೈಸ್ಕೂಲಿನಲ್ಲಿ ಚೆನ್ನಾಗಿ ಬರೆಯುತ್ತಿದ್ದೆ, ಅದೇ ಸಾಕು ಅಂತ ಹಳೆಯ ದಾರಿಯನ್ನೇ ಹಿಡಿದವರಿಗಿಂತ, ಇಲ್ಲಿ ನಾನು ಹೊಸಬ ಅಂತ ಒಪ್ಪಿಕೊಂಡವರು ಹೆಚ್ಚು ಮುಂದೆ ಹೋದರು ಅನ್ನೋದು ಅವರು ಕಂಡಿದ್ದರಲ್ಲಿ ಒಂದು. ಕಾಲೇಜು ಸಂಚಿಕೆಯ ಸ್ಟಾರ್ ಆಗಿದ್ದವರಿಗೆ ಇದು ಕಷ್ಟ. ನಾನೂ ಒಂದು ಕಾಲದಲ್ಲಿ ದಾವಣಗೆರೆಯ ಆಶುಭಾಷಣ ಚಾಂಪಿಯನ್. ಇಲ್ಲಿ ಬಂದು ಮೊದಲ ಪೇಪರ್ ಬರೆದಾಗ ಪ್ರೊಫೆಸರ್ ಮಾರ್ಜಿನ್ನಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೊಟ್ಟಿದ್ದರು. ಒಂದು ಅಕ್ಷರ ಬರೆದಿರಲಿಲ್ಲ ಪುಣ್ಯಾತ್ಮ.

ತೊಗರಿನಾಡು:

ಎಲ್ಲರೂ ಬೆಳವಣಿಗೆ ಆಗಿದೆ ಅಂತ ಆಕೆಗೆ ಸಮಾಧಾನ ಮಾಡುತ್ತಿದ್ದೀರಿ. ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ, ಬೈಕೋಬೇಡಿ.

ನಾನು ಕಲಬುರಗಿ ಕಡೆಯವನು. ಇದೇ ಕೋರ್ಸ್ ಬೇರೆ ಕಡೆ ಮಾಡಿದ್ದೇನೆ. ಮೊದಲ ದಿನದಿಂದಲೇ ನನ್ನ ಕಾಪಿ ಮೇಲೆ ಕೆಂಪು ಗೀಟು. 'ಹಿಂಗ್ಯಾಕ ಮಾಡಿದ್ರಿ' ಅಂತ ರೈತ ಕೇಳಿದ್ದನ್ನು ನಾನು ಹಾಗೇ ಬರೆದಿದ್ದೆ. ಅದು 'ಹೀಗೇಕೆ ಮಾಡಿದಿರಿ ಎಂದು ಪ್ರಶ್ನಿಸಿದರು' ಅಂತ ಆಗಿ ವಾಪಸ್ ಬಂತು. ಎರಡು ವರ್ಷ ಆದ ಮೇಲೆ ಕೆಂಪು ಗೀಟು ನಿಂತವು. ಎಲ್ಲರೂ ಸುಧಾರಿಸಿದ್ದೀಯ ಅಂದರು. ಆದರೆ ನನ್ನ ಲೇಖನದಲ್ಲಿ ಅಫಜಲಪುರದ ರೈತ, ಬೆಂಗಳೂರಿನ ಅಧಿಕಾರಿ, ಮಂಗಳೂರಿನ ಮೀನುಗಾರ ಎಲ್ಲರೂ ಒಂದೇ ಥರ ಮಾತಾಡುತ್ತಿದ್ದರು. ಎಲ್ಲರೂ ಆಕಾಶವಾಣಿ ಕಲಾವಿದರ ಹಾಗೆ. ಇದು ನನ್ನ ಲೆಕ್ಕದಲ್ಲಿ ನಷ್ಟ. ಫೈಲಿನಲ್ಲಿ ಬರೆಯೋಕೆ ಆಗ ಧೈರ್ಯ ಬರಲಿಲ್ಲ.

ಅದಕ್ಕೇ ಅಕ್ಕಾ, ನಿಮಗೆ ಹೇಳೋದು ಇಷ್ಟೇ. ಏನು ಕಲಿತಿರಿ ಅಂತ ಬರೆಯುವಾಗ ಏನು ಹೋಯ್ತು ಅಂತಲೂ ಬರೆಯಿರಿ. ಹಳೆಯದನ್ನು ಓದಿದರೆ ಖುಷಿಯಾಗುತ್ತದೆ ಅಂದಿರಿ. ಆ ಖುಷಿ ಸುಮ್ನೆ ಬಂದಿದ್ದಲ್ಲ. ರಾತ್ರಿಪಾಳಿಯವರು ಕಟ್ಟಿಟ್ಟ ಸಾಮಾನು ಅಂದಿದ್ದು ಸರಿ ಇರಬಹುದು, ಆದರೆ ಅದನ್ನು ಬರೆದ ಹುಡುಗಿಗೆ ತನ್ನ ಊರಿನ ಮೇಲೆ ಪ್ರೀತಿ ಇತ್ತು, ಅದು ಓದಿದರೆ ಗೊತ್ತಾಗುತ್ತದೆ. ಹೊಸದನ್ನು ಬರೆದವರು ಆ ಊರಿನವರಾ, ಬೆಂಗಳೂರಿನಿಂದ ಒಂದು ದಿನಕ್ಕೆ ಬಂದವರಾ ಅನ್ನೋದು ನನಗೆ ಗೊತ್ತಾಗಲಿಲ್ಲ. ನಿಮ್ಮ ಮನೆಯಲ್ಲೇ ಹುಳ ಸಾಕುತ್ತಾರೆ ಅಂತ ನೀವು ಹೇಳಿದ ಮೇಲೇ ತಿಳಿದಿದ್ದು. ಅದು ಲೇಖನದಲ್ಲಿ ಎಲ್ಲಾದರೂ ಇದೆಯಾ?

ರಾಮನಗರದವಳು:

ಇಷ್ಟೆಲ್ಲ ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಒಬ್ಬೊಬ್ಬರಿಗೂ ಹೇಳೋದಿದೆ.

ತೊಗರಿನಾಡು ಅವರೇ, ಇಲ್ಲ, ಲೇಖನದಲ್ಲಿ ಅದು ಎಲ್ಲೂ ಇಲ್ಲ. 'ನಾನು' ಅಂತ ಬರೆಯಬಾರದು ಅಂತ ಮೊದಲ ಸೆಮಿಸ್ಟರಿನಲ್ಲೇ ಹೇಳಿದ್ದರು. ಅದು ಸುದ್ದಿಗೆ ಹೇಳಿದ್ದು, ನಾನು ಎಲ್ಲದಕ್ಕೂ ಹಚ್ಚಿಕೊಂಡುಬಿಟ್ಟೆ. ಗೂಡು ಕಟ್ಟುವ ಹೊತ್ತಿಗೆ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲ್ಲ, ಹಣ್ಣಾದ ಹುಳಗಳನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟೋ ತಟ್ಟೆಗೆ, ಬಿಡೋಕೆ ಅಕ್ಕಪಕ್ಕದವರನ್ನೂ ಕರೀಬೇಕು, ಆಮೇಲೆ ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿದ ದಿನ ಅಪ್ಪ ಫೋನ್ ಎತ್ತಲ್ಲ. ರೇಟ್ ಏನಾಯ್ತು ಅಂತ ಕೇಳಬಾರದು ಅನ್ನೋದು ನಮ್ಮ ಮನೆಯ ನಿಯಮ. ಇದು ಯಾವುದೂ ಹಳೆಯದರಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ.

ದೂರದೂರು ಅವರು ಹೇಳಿದ ಮೇಲೆ ಹೋಗಿ ಕರಡುಗಳನ್ನು ನೋಡಿದೆ. ಮೊದಲ ಸೆಮಿಸ್ಟರಿನ ಲೇಖನದಲ್ಲಿ ಬದಲಾಗಿದ್ದು ಬರೀ ಪದಗಳು. 'ಹಳದಿ' ಇದ್ದದ್ದು 'ಹೊಂಬಣ್ಣ' ಆಗಿದೆ, ಅಷ್ಟೇ. ಅದು ಮಿಶ್ರತಳಿ ಹುಳದ ಗೂಡು, ಹಳದಿಯೇ ಇರೋದು, ದ್ವಿತಳಿ ಹುಳದ್ದು ಬಿಳಿ. ಇದು ನಮ್ಮೂರಿನ ಚಿಕ್ಕ ಮಕ್ಕಳಿಗೂ ಗೊತ್ತು. ಹೊಸದರಲ್ಲಿ ಒಂದು ಇಡೀ ಪುಟ ಹೋಗಿದೆ. ಆ ಪುಟದಲ್ಲಿ ಇದ್ದದ್ದು ರಾತ್ರಿಪಾಳಿಯವರು ಕೇಳಿದ್ದೇ!

ಹೌದು ಸರ್, ರೀಲರ್ ಅವರನ್ನು ಕೇಳಿದ್ದೆ. ಟೀ ಅಂಗಡಿಯಲ್ಲಿ ಕೂರಿಸಿಕೊಂಡು ನನ್ನ ನೋಟ್‌ಬುಕ್ಕಿನಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅವರು ರೆಂಡಿಟ್ಟಾ ಅಂತಾರೆ. ಒಂದು ಕೆ.ಜಿ. ಕಚ್ಚಾ ರೇಷ್ಮೆಗೆ ಎಷ್ಟು ಕೆ.ಜಿ. ಗೂಡು ಅಂತ. ದ್ವಿತಳಿ ಗೂಡಾದರೆ ಕಡಿಮೆ ಸಾಕು, ಮಿಶ್ರತಳಿಗೆ ಜಾಸ್ತಿ ಬೇಕು. ಗೂಡು ತೆಳ್ಳಗಿದ್ದರೆ, ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು ಹೆಚ್ಚಿದ್ದರೆ, ಕಲೆ ಆಗಿದ್ದರೆ ಇನ್ನೂ ಜಾಸ್ತಿ. ಅದರ ಮೇಲೆ ಸೌದೆ, ಕೂಲಿ, ನೀರು. ಹುಳ ಚಿಟ್ಟೆಯಾಗಿ ಹೊರಗೆ ಬರುವ ಮೊದಲೇ ರೈತ ಗೂಡು ಮಾರಲೇಬೇಕು ಅನ್ನೋದೂ ಅವರಿಗೆ ಗೊತ್ತಿರುತ್ತದೆ. ಇದೆಲ್ಲ ಬರೆದಿದ್ದೆ. ಆಮೇಲೆ ದೃಶ್ಯದ ಮಧ್ಯೆ ಲೆಕ್ಕ ಬಂದರೆ ಚೆನ್ನಾಗಿ ಕಾಣಲ್ಲ ಅಂತ ತೆಗೆದೆ. ಚೆನ್ನಾಗಿ ಕಾಣಲ್ಲ ಅಂತ! ಅಂದರೆ ಮೊದಲು ಕಣಕಣದಲ್ಲೂ ಮುತ್ತು ಪೋಣಿಸುತ್ತಿದ್ದವಳೇ ಈಗ ಬೆನ್ನು ನೋಡುತ್ತ ನಿಂತ ರೈತನನ್ನು ಪೋಣಿಸುತ್ತಿದ್ದೇನೆ.

ಸಂಜೆ ಊಟಕ್ಕೆ ಕೂತಾಗ ಆ ತೆಗೆದ ಪುಟವನ್ನು ಅಪ್ಪನಿಗೆ ಓದಿದೆ. ಮಧ್ಯದಲ್ಲೇ ನಿಲ್ಲಿಸಿ 'ಸೌದೆಗೆ ಎಷ್ಟು ಹಿಡೀತಾನೆ ಅವ್ನು?' ಅಂತ ಕೇಳಿದರು. ಮತ್ತೆ ಓದಿಸಿದರು. ರೀಲರ್ ಸುಳ್ಳು ಹೇಳಿದ್ದಾನೆ, ಅಷ್ಟೊಂದು ಆಗಲ್ಲ ಅಂತ ಜಗಳಕ್ಕೇ ಬಂದರು ನನ್ನ ಹತ್ತಿರ.

ತುಂಗಾತೀರ ಸರ್, ನಾಲ್ಕೈದು ಪುಟಕ್ಕೆ ಈಗ ವಿಷಯ ಸಿಕ್ಕಿದೆ, ಆ ಕಿತ್ತ ಪುಟದ ಬಗ್ಗೆಯೇ ಬರೆಯುತ್ತೇನೆ. ಒಂದೇ ಅನುಮಾನ. ಫೈಲಿನಲ್ಲಿ ಲೇಖನ ಹಳೆಯ ರೂಪದಲ್ಲೇ ಇರಲಾ, ಅಥವಾ ಆ ಪುಟ ವಾಪಸ್ ಸೇರಿಸಿ ತಿದ್ದಿ ಇಡಲಾ?

ತುಂಗಾತೀರ:

ಮಾರ್ಕ್ಸ್ ಕೊಟ್ಟ ರೂಪವನ್ನು ಮುಟ್ಟಬೇಡಿ, ಹಾಗೇ ಇಡಿ. ತಿದ್ದಿದ್ದನ್ನು ಅದರ ಹಿಂದೆ ಬೇರೆ ಹಾಕಿ, ಎರಡಕ್ಕೂ ತಾರೀಕು ಬರೆಯಿರಿ. ನಾಳೆ ವೈವಾದಲ್ಲಿ ಎಕ್ಸ್‌ಟರ್ನಲ್ ಕೇಳಿದರೆ ತೋರಿಸೋಕೆ ಇರುತ್ತದೆ. ಅಪ್ಪ ಸೌದೆ ಬಗ್ಗೆ ಕೇಳಿದ್ದನ್ನು ಬಿಡಬೇಡಿ.

ರಾತ್ರಿಪಾಳಿ:

ಸೌದೆ ಲೆಕ್ಕದಲ್ಲಿ ಅಪ್ಪ ಸರಿಯೋ ರೀಲರ್ ಸರಿಯೋ ಮೊದಲು ಇತ್ಯರ್ಥ ಮಾಡಿ ತಂಗಿ. ಇನ್ನಿಬ್ಬರು ರೀಲರ್‌ಗಳನ್ನು ಕೇಳಿ, ರೇಷ್ಮೆ ಇಲಾಖೆಯವರನ್ನೂ ಒಂದು ಮಾತು ಕೇಳಿ. ಒಬ್ಬರೇ ಹೇಳಿದ ಲೆಕ್ಕ ಹಾಕಿದರೆ ಬೆಳಿಗ್ಗೆ ಫೋನ್ ಬರೋದು ನಮಗೆ. ಅದು ಸರಿಯಾದ ಮೇಲೆ 800 ಪದಕ್ಕೆ ಇಳಿಸಿ ಯಾವುದಾದರೂ ಪತ್ರಿಕೆಯ ಕೃಷಿ ಪುರವಣಿಗೆ ಕಳಿಸಿ. ಜಾಲರಿ ಹತ್ತಿರ ರೀಲರ್ ನಿಂತಿರೋ ಫೋಟೋ ಬೇಕಾಗುತ್ತೆ. ಹಾಕಬಹುದಾ ಅಂತ ಅವರನ್ನು ಕೇಳಿಯೇ ತೆಗೆಯಿರಿ.